ಕಾಗದ ಹಾರುವುದಕ್ಕೆ ಅಪ್ಪಣೆ

2009ರಲ್ಲಿ ಬಂದ ‘ಬ್ಯಾಟ್‌ಮ್ಯಾನ್: ಆರ್ಕಮ್ ಅಸೈಲಮ್’ ಎಂಬ ಕಂಪ್ಯೂಟರ್ ಆಟದಲ್ಲಿ ಕಾಗದಗಳು ಚೆಲ್ಲಿ ಬಿದ್ದಿರುವ ಕೋಣೆಗಳಿವೆ. ಹುಚ್ಚಾಸ್ಪತ್ರೆಯ ದಫ್ತರವನ್ನು ಯಾರೋ ಎಳೆದು ಹರಡಿ ಹೋದಂತೆ ಕಾಣುತ್ತದೆ. ಕಥಾನಾಯಕ ಅಲ್ಲಿ ನಡೆದು ಹೋದರೆ ಅವನ ಹೆಜ್ಜೆಯ ಗಾಳಿಗೆ ಹಾಳೆಗಳು ಏಳುತ್ತವೆ, ಒಂದಕ್ಕೊಂದು ತಾಕುತ್ತವೆ, ಗಿರಕಿ ಹೊಡೆದು ಮತ್ತೆ ನೆಲಕ್ಕೆ ಕೂರುತ್ತವೆ. ಅದೇ ಆಟ, ಅದೇ ಕೋಣೆ, ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ನೋಡಿದರೆ ನೆಲ ಆಗಷ್ಟೇ ಗುಡಿಸಿಟ್ಟಂತೆ ಚೊಕ್ಕಟ. ಒಂದೇ ಒಂದು ಹಾಳೆಯೂ ಇಲ್ಲ. ಎರಡೂ ಮನೆಯವರು ಆಟಕ್ಕೆ ಕೊಟ್ಟ ಬೆಲೆ ಒಂದೇ. ವ್ಯತ್ಯಾಸವಿದ್ದದ್ದು ಗ್ರಾಫಿಕ್ಸ್ ಕಾರ್ಡನ್ನು ತಯಾರಿಸಿದ ಕಂಪನಿಯ ಹೆಸರಿನಲ್ಲಿ.

ಗುಡಿಸಿದ ನೆಲ ಸಿಕ್ಕಿದ್ದು ನಮಗೆ. ಆಗ ನಾವು ದೆಹಲಿಯ ರಾಮಕೃಷ್ಣಪುರದ ಸರ್ಕಾರಿ ವಸತಿಯಲ್ಲಿದ್ದೆವು. ಆರನೇ ವೇತನ ಆಯೋಗದ ಬಾಕಿ ಹಣದ ಎರಡನೇ ಕಂತು ಕೈಗೆ ಬಂದಿತ್ತು. ಮಗ ಇನ್ನೂ ತೊಟ್ಟಿಲಲ್ಲಿದ್ದ. ಪರೀಕ್ಷೆಗಳಿಗೆ ತಯಾರಿ ನಡೆಸಲೆಂದು ಊರಿನಿಂದ ಬಂದ ತಮ್ಮ ನಮ್ಮಲ್ಲೇ ಉಳಿದಿದ್ದ. ಅವನು ಓದಿದ್ದಕ್ಕಿಂತ ಆಡಿದ್ದೇ ಹೆಚ್ಚು. ನಾವು ಗದರಿದ್ದಕ್ಕಿಂತ ಜೊತೆಗೆ ಕೂತು ಆಡಿದ್ದೇ ಹೆಚ್ಚು. ನೆಹರೂ ಪ್ಲೇಸಿನ ಅಂಗಡಿಯೊಂದಕ್ಕೆ ಹೋಗಿ, ಅಷ್ಟು ಹಣಕ್ಕೆ ಅತ್ಯಂತ ವೇಗವಾದ ಕಾರ್ಡು ಯಾವುದೆಂದು ಕೇಳಿ, ಕೊಟ್ಟದ್ದನ್ನು ತಂದೆವು. ವೇಗದ ವಿಷಯದಲ್ಲಿ ಅಂಗಡಿಯವನು ಸುಳ್ಳು ಹೇಳಲಿಲ್ಲ. ಕಾಗದಗಳು ಹಾರುತ್ತವೆಯೇ ಎಂದು ನಾವು ಕೇಳಲಿಲ್ಲ, ಅಷ್ಟೇ. ಅಂಥ ಪ್ರಶ್ನೆಯೊಂದು ಇರಬಹುದೆಂದು ಯಾರಿಗೆ ಹೊಳೆದೀತು? ತಮ್ಮ ಮಾತ್ರ ನೆರೆಯವರ ಮನೆಯಲ್ಲಿ ಹಾರುವ ಕಾಗದಗಳನ್ನು ನೋಡಿ ಬಂದು, ನಮ್ಮ ಪರದೆಯ ಖಾಲಿ ನೆಲವನ್ನು ನೋಡಿ, “ಅಣ್ಣಾ, ನಮ್ಮ ಆಸ್ಪತ್ರೆಯಲ್ಲಿ ಜಾಡಮಾಲಿ ಚುರುಕಾಗಿದ್ದಾನೆ” ಎಂದ. ಹಗಲೆಲ್ಲ ಕಚೇರಿಯಲ್ಲಿ ಕಾಗದಗಳ ನಡುವೆಯೇ ಆಯುಷ್ಯ ಸವೆಸುತ್ತಿದ್ದ ನಮಗೆ ಸಂಜೆ ಇನ್ನಷ್ಟು ಕಾಗದಗಳನ್ನು ನೋಡುವ ಆಸೆ ಏಕೆ ಹುಟ್ಟಿತೋ! ಆದರೆ ಹುಟ್ಟಿದ್ದು ನಿಜ.

ಈ ತಂತ್ರಜ್ಞಾನದ ಹೆಸರು ‘ಫಿಸಿಎಕ್ಸ್’. ಅದರ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಆಟದ ಪರದೆಯ ಮೇಲೆ ಒಂದು ಸೆಕೆಂಡಿಗೆ ಮೂವತ್ತೋ ಅರವತ್ತೋ ಚಿತ್ರಗಳು ಮೂಡುತ್ತವೆ. ಪ್ರತಿಯೊಂದು ಚಿತ್ರಕ್ಕೂ ಮೊದಲು ಯಾವ ವಸ್ತು ಎಲ್ಲಿದೆ, ಎಷ್ಟು ವೇಗದಲ್ಲಿದೆ, ಯಾವುದಕ್ಕೆ ಡಿಕ್ಕಿ ಹೊಡೆಯಿತು, ಹೊಡೆದ ಮೇಲೆ ಎತ್ತ ಹೊರಳಿತು ಎಂಬುದನ್ನು ಲೆಕ್ಕ ಹಾಕಬೇಕು. ಒಂದು ಪೆಟ್ಟಿಗೆ ಉರುಳಿದರೆ ಲೆಕ್ಕ ಸುಲಭ. ಒಂದು ಬಟ್ಟೆ ಗಾಳಿಗೆ ಅಲುಗಿದರೆ ಕಷ್ಟ. ಏಕೆಂದರೆ ಕಂಪ್ಯೂಟರಿನ ಪಾಲಿಗೆ ಬಟ್ಟೆಯೆಂದರೆ ಸಾವಿರಾರು ಬಿಂದುಗಳು ಮತ್ತು ಅವುಗಳನ್ನು ಜೋಡಿಸಿದ ಸಾವಿರಾರು ಸಣ್ಣ ಸ್ಪ್ರಿಂಗುಗಳು. ಪ್ರತಿ ಬಿಂದುವನ್ನೂ ನೆರೆಯ ಬಿಂದುಗಳು ಎಳೆಯುತ್ತಿರುತ್ತವೆ. ಕಂಪ್ಯೂಟರಿನ ಮುಖ್ಯ ಸಂಸ್ಕಾರಕ, ಅಂದರೆ ಸಿಪಿಯು, ಒಬ್ಬ ಜಾಣ ಬಡಗಿಯ ಹಾಗೆ. ಎಂಥ ಕಗ್ಗಂಟನ್ನೂ ಬಿಡಿಸಬಲ್ಲ, ಆದರೆ ಒಂದಾದ ಮೇಲೆ ಒಂದು. ಗ್ರಾಫಿಕ್ಸ್ ಕಾರ್ಡಿನ ಒಳಗಿರುವುದು ಗದ್ದೆಗಿಳಿದ ನಾಟಿಯಾಳುಗಳ ಸಾಲು. ಒಬ್ಬೊಬ್ಬರ ಕೆಲಸವೂ ಸರಳ, ಎಲ್ಲರೂ ಒಟ್ಟಿಗೆ ಬಾಗುತ್ತಾರೆ, ಮಧ್ಯಾಹ್ನದೊಳಗೆ ಗದ್ದೆ ಹಸಿರಾಗುತ್ತದೆ. ಬಟ್ಟೆ, ಹೊಗೆ, ನೀರು, ಕಾಗದ ಇವೆಲ್ಲ ನಾಟಿಯ ಕೆಲಸಗಳು, ಬಡಗಿಯವಲ್ಲ.

ಇದನ್ನು ಮೊದಲು ಸರಕಾಗಿ ಮಾರುಕಟ್ಟೆಗೆ ತಂದದ್ದು ಏಜಿಯಾ ಎಂಬ ಅಮೆರಿಕದ ಚಿಕ್ಕ ಕಂಪನಿ. ಅದರ ಸ್ಥಾಪಕರಲ್ಲೊಬ್ಬರು, ಮುಖ್ಯಸ್ಥರೂ ಆಗಿದ್ದವರು, ಮಂಜು ಹೆಗ್ಡೆ. ಸಿರಸಿ ಸೀಮೆಯಿಂದ ಬಂದ ನಮ್ಮ ಕಣ್ಣು ಆ ಹೆಸರಿನ ಮೇಲೆ ಒಂದು ಕ್ಷಣ ನಿಂತಿತೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಹೊರನಾಡಿನ ಕನ್ನಡಿಗರಿಗೆ ಪತ್ರಿಕೆಯ ಯಾವ ಮೂಲೆಯಲ್ಲಿ ನಮ್ಮ ಕಡೆಯ ಹೆಸರು ಕಂಡರೂ ಕಣ್ಣು ಕೀಲಿಸುವ ಅಭ್ಯಾಸವಿದೆ. ಏಜಿಯಾ 2004ರಲ್ಲಿ ಸ್ವಿಟ್ಜರ್‌ಲೆಂಡಿನ ನೋವೋಡೆಕ್ಸ್ ಎಂಬ ಕಂಪನಿಯನ್ನು ಕೊಂಡಿತು. ಫಿಸಿಎಕ್ಸ್ ತಂತ್ರಾಂಶದ ಬೇರು ಅಲ್ಲಿದೆ. 2006ರಲ್ಲಿ ಭೌತಶಾಸ್ತ್ರದ ಲೆಕ್ಕಕ್ಕೆಂದೇ ಒಂದು ಪ್ರತ್ಯೇಕ ಕಾರ್ಡನ್ನು ಸುಮಾರು 300 ಡಾಲರ್ ಬೆಲೆಗೆ ಮಾರಾಟಕ್ಕಿಟ್ಟಿತು. ಚಿತ್ರಕ್ಕೊಂದು ಕಾರ್ಡು, ಸದ್ದಿಗೊಂದು ಕಾರ್ಡು ಇದ್ದಂತೆ ಚಲನೆಗೂ ಒಂದಿರಲಿ ಎಂಬುದು ಅವರ ವಾದ. ಆದರೆ ಆ ಕಾರ್ಡನ್ನು ಬಳಸುವ ಆಟಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದಾದ ‘ಗೋಸ್ಟ್ ರೆಕಾನ್’ ಆಟದಲ್ಲಿ ಕಾರ್ಡು ಹಾಕಿದಾಗ ಸಿಡಿಚೂರುಗಳು ಹೆಚ್ಚಾದವು, ವೇಗ ಕಡಿಮೆಯಾಯಿತು. 300 ಡಾಲರ್ ಕೊಟ್ಟು ಆಟವನ್ನು ನಿಧಾನ ಮಾಡಿಕೊಳ್ಳುವವರು ಎಷ್ಟು ಜನ ಸಿಕ್ಕಾರು?

ಏಜಿಯಾದ ಒಂದು ಜಾಣತನವನ್ನು ಮಾತ್ರ ಮೆಚ್ಚಬೇಕು. ಆಗ ಈ ಕ್ಷೇತ್ರದ ದೊಡ್ಡ ಹೆಸರು ಹ್ಯಾವಾಕ್. 1998ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಪರಿಸರದಲ್ಲಿ ಹುಟ್ಟಿದ ಕಂಪನಿ. ಅದರ ತಂತ್ರಾಂಶ ಬಳಸಲು ಆಟ ತಯಾರಿಸುವವರು ದೊಡ್ಡ ಶುಲ್ಕ ತೆರಬೇಕಿತ್ತು. ಏಜಿಯಾ ತನ್ನ ತಂತ್ರಾಂಶವನ್ನು ಪುಕ್ಕಟೆ ಕೊಟ್ಟಿತು. ತಂತ್ರಾಂಶ ಹರಡಿದರೆ ಕಾರ್ಡು ತಾನಾಗಿ ಮಾರಾಟವಾಗುತ್ತದೆಂಬ ಲೆಕ್ಕ. ಇಲ್ಲಿ ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರು ಒಂದು ಮಾತು ಸೇರಿಸಬೇಕು. ಇಂಗ್ಲಿಷಿನವರಿಗೆ ‘ಫ್ರೀ’ ಎಂಬ ಒಂದೇ ಶಬ್ದವಿರುವುದರಿಂದ ಮುಕ್ತ ತಂತ್ರಾಂಶದ ಪ್ರತಿಪಾದಕರು ದಶಕಗಳಿಂದ ಅದರ ಎರಡು ಅರ್ಥಗಳನ್ನು ಬೇರ್ಪಡಿಸಿ ವಿವರಿಸುತ್ತಲೇ ಬಂದಿದ್ದಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಪುಕ್ಕಟೆ ಊಟ ಹಾಕುವ ಮನೆಯವರು ಅಡುಗೆಮನೆಯ ಬಾಗಿಲು ತೆರೆದಿಡಬೇಕೆಂದಿಲ್ಲ. ಫಿಸಿಎಕ್ಸ್ ಪುಕ್ಕಟೆಯಾಗಿತ್ತು, ಒಳಗೆ ಏನು ಬೇಯುತ್ತಿದೆಯೆಂದು ಇಣುಕುವ ಅವಕಾಶ ಎಲ್ಲರಿಗೂ ಇರಲಿಲ್ಲ.

2007ರ ಸೆಪ್ಟೆಂಬರಿನಲ್ಲಿ ಇಂಟೆಲ್ ಹ್ಯಾವಾಕನ್ನು ಕೊಂಡಿತು. 2008ರ ಫೆಬ್ರುವರಿಯಲ್ಲಿ ಎನ್‌ವಿಡಿಯಾ ಏಜಿಯಾವನ್ನು ಕೊಳ್ಳುವುದಾಗಿ ಪ್ರಕಟಿಸಿತು. ಪ್ರತ್ಯೇಕ ಕಾರ್ಡು ಮೂಲೆ ಸೇರಿತು. ಅದು ಮಾಡುತ್ತಿದ್ದ ಕೆಲಸವನ್ನು ಎನ್‌ವಿಡಿಯಾ ತನ್ನ ಕುಡಾ ವ್ಯವಸ್ಥೆಯ ಮೂಲಕ ತನ್ನದೇ ಗ್ರಾಫಿಕ್ಸ್ ಕಾರ್ಡುಗಳಿಗೆ ವಹಿಸಿತು. 2008ರ ಆಗಸ್ಟಿನಲ್ಲಿ ಹೊಸ ಡ್ರೈವರ್ ಬಂತು. ಅದನ್ನು ಹಾಕಿಕೊಂಡ ಲಕ್ಷಾಂತರ ಜನರ ಮನೆಯ ಕಾರ್ಡು ರಾತ್ರೋರಾತ್ರಿ ಭೌತಶಾಸ್ತ್ರ ಕಲಿತುಬಿಟ್ಟಿತು. ಸಾಧನೆ ಸಣ್ಣದಲ್ಲ. ಆದರೆ ಕುಡಾ ಓಡುವುದು ಎನ್‌ವಿಡಿಯಾ ಕಾರ್ಡಿನ ಮೇಲೆ ಮಾತ್ರ. ಪ್ರತಿಸ್ಪರ್ಧಿಯಾದ ಎಎಂಡಿಯ ರೇಡಿಯಾನ್ ಕಾರ್ಡುಗಳಲ್ಲಿ ನಾಟಿಯಾಳುಗಳು ಅಷ್ಟೇ ಜನರಿದ್ದರೂ ಅವರಿಗೆ ಈ ಗದ್ದೆಯೊಳಗೆ ಪ್ರವೇಶವಿಲ್ಲ.

ಚಿತ್ರಕ್ಕೆ ರೇಡಿಯಾನ್, ಭೌತಶಾಸ್ತ್ರಕ್ಕೆ ಪಕ್ಕದಲ್ಲಿ ಅಗ್ಗದ ಎನ್‌ವಿಡಿಯಾ ಕಾರ್ಡು ಎಂದು ಎರಡನ್ನೂ ಹೂಡಿಕೊಂಡ ಉಪಾಯಗಾರರಿದ್ದರು. 2009ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರನ್ನು ಬದಲಿಸಿ, ಚಿತ್ರ ಬಿಡಿಸುವ ಕೆಲಸವನ್ನು ಬೇರೆ ಕಂಪನಿಯ ಕಾರ್ಡು ಮಾಡುತ್ತಿದ್ದರೆ ಫಿಸಿಎಕ್ಸ್ ಸುಮ್ಮನಾಗುವಂತೆ ಮಾಡಿತು. ಪರೀಕ್ಷೆಯ ಹೊರೆ, ಖರ್ಚು, ವ್ಯಾಪಾರದ ದೃಷ್ಟಿ ಎಂಬ ಕಾರಣಗಳನ್ನು ಕೊಟ್ಟಿತು. ಮೊದಲೆರಡು ಕಾರಣಗಳನ್ನು ನಾವು ಒಪ್ಪಬಲ್ಲೆವು: ಪರರ ಯಂತ್ರದ ಮೇಲೆ ತನ್ನ ತಂತ್ರಾಂಶ ಕೆಟ್ಟರೆ ಬೈಗುಳ ತನಗೇ ಬರುತ್ತದೆ. ಆದರೆ ಕಾಸು ಕೊಟ್ಟು ತಂದ ಕಾರ್ಡು ನೆರೆಯಲ್ಲಿ ಯಾರು ಕೂತಿದ್ದಾರೆಂದು ನೋಡಿ ಮೌನವಾಗುವುದಿದೆಯಲ್ಲ, ಅದು ನಮ್ಮೂರ ಹಳೆಯ ಪಂಕ್ತಿಭೇದವನ್ನು ನೆನಪಿಗೆ ತರುತ್ತದೆ.

2010ರ ಜುಲೈಯಲ್ಲಿ ಡೇವಿಡ್ ಕ್ಯಾಂಟರ್ ಎಂಬ ವಿಶ್ಲೇಷಕರು ಇನ್ನೊಂದು ವಿಷಯವನ್ನು ಬಯಲಿಗಿಟ್ಟರು. ಎನ್‌ವಿಡಿಯಾ ಕಾರ್ಡಿಲ್ಲದ ಕಂಪ್ಯೂಟರಿನಲ್ಲಿ ಫಿಸಿಎಕ್ಸ್ ಲೆಕ್ಕ ಸಿಪಿಯುವಿನ ಪಾಲಿಗೆ ಬರುತ್ತದೆ, ಬಂದಾಗ ಆಟ ತೆವಳುತ್ತದೆ. ತೆವಳುವುದನ್ನು ತೋರಿಸಿಯೇ ಕಾರ್ಡಿನ ಹಿರಿಮೆಯನ್ನು ಸಾರಲಾಗುತ್ತಿತ್ತು. ಕ್ಯಾಂಟರ್ ಕಂಡುಕೊಂಡದ್ದೆಂದರೆ, ಸಿಪಿಯು ಮೇಲೆ ಓಡುವ ಆ ತಂತ್ರಾಂಶವು ಎಕ್ಸ್87 ಎಂಬ ಹಳೆಯ ಆದೇಶಮಾಲೆಯನ್ನು ಬಳಸುತ್ತಿತ್ತು. ಅದರ ಮೂಲ 1980ರ 8087 ಚಿಪ್ಪು. ಅದಕ್ಕಿಂತ ಎಷ್ಟೋ ಚುರುಕಾದ ಎಸ್‌ಎಸ್‌ಇ ಆದೇಶಗಳು 1999ರ ಪೆಂಟಿಯಂ 3ರಿಂದಲೇ ಲಭ್ಯವಿದ್ದವು. ಎತ್ತಿನ ಗಾಡಿಯ ಜೊತೆ ಓಟದ ಪಂದ್ಯ ಕಟ್ಟಿ ಮೋಟಾರನ್ನು ಹೊಗಳಿದಂತಾಯಿತು. ಬೇಕೆಂದೇ ಹಾಗೆ ಮಾಡಲಿಲ್ಲ, ಅದು ಹಳೆಯ ಸಂಕೇತದ ಉಳಿಕೆ, ಆಟ ತಯಾರಕರೂ ಬದಲಾವಣೆ ಕೇಳಿರಲಿಲ್ಲ ಎಂಬ ಧಾಟಿಯಲ್ಲಿ ಕಂಪನಿಯ ಉತ್ತರವಿತ್ತು. 2011ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಅದು ಸರಿಹೋಯಿತು. ಇಪ್ಪತ್ತು ವರ್ಷಗಳ ಕಚೇರಿಯ ಅನುಭವದಿಂದ ಹೇಳುವುದಾದರೆ, ಕಡತವೊಂದು ನಿಧಾನವಾಗಲು ಕುತಂತ್ರವೇ ಬೇಕಿಲ್ಲ. ವೇಗವಾದರೆ ಯಾರಿಗೂ ಲಾಭವಿಲ್ಲ ಎಂಬಷ್ಟಾದರೆ ಸಾಕು.

ಎಎಂಡಿ ಮುಕ್ತತೆಯ ಬಾವುಟ ಹಿಡಿಯಿತು. 2009ರ ಸೆಪ್ಟೆಂಬರಿನಲ್ಲಿ ಅದು ಬುಲೆಟ್ ಎಂಬ ಮುಕ್ತ ತಂತ್ರಾಂಶವನ್ನು ಎಲ್ಲ ಕಂಪನಿಗಳ ಕಾರ್ಡುಗಳಿಗೂ ಸಮಾನವಾದ ಓಪನ್‌ಸಿಎಲ್ ಮೂಲಕ ಓಡಿಸುವ ಯೋಜನೆಯನ್ನು ಪ್ರಕಟಿಸಿತು. ಬುಲೆಟ್ಟಿನ ಕರ್ತೃ ಎರ್ವಿನ್ ಕೂಮಾನ್ಸ್. ಹಿಂದೆ ಹ್ಯಾವಾಕಿನಲ್ಲೂ ಸೋನಿಯಲ್ಲೂ ಇದ್ದವರು. ಮಾತು ಚೆನ್ನಾಗಿತ್ತು. ಆದರೆ ಆ ದಾರಿಯಲ್ಲಿ ಕಾಗದ ಹಾರಿಸುವ ಆಟಗಳು ಬಂದದ್ದು ಅತ್ಯಲ್ಪ. ಎನ್‌ವಿಡಿಯಾ ತನ್ನ ಎಂಜಿನಿಯರುಗಳನ್ನು ಆಟ ತಯಾರಕರ ಬಳಿಗೆ ಕಳಿಸಿ, ಕೂರಿಸಿ, ಕೆಲಸ ಮಾಡಿಸಿಕೊಡುತ್ತಿತ್ತು. ಮುಕ್ತ ಪಕ್ಷದವರು ಬಾಗಿಲು ತೆರೆದಿದೆ ಬನ್ನಿ ಎಂದರು. ಹೋಗಿ ಕರೆತರುವವರು ಸಾಕಷ್ಟಿರಲಿಲ್ಲ. ಮುಕ್ತವಾದದ್ದೆಲ್ಲ ಒಳ್ಳೆಯದು, ಒಡೆತನದ್ದೆಲ್ಲ ಕೆಟ್ಟದು ಎಂದು ಸುಲಭವಾಗಿ ಬರೆದು ಮುಗಿಸುವ ಆಸೆ ಇದ್ದವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ಆದರೆ ನಮ್ಮನ್ನು ಬಹುಕಾಲ ಕಾಡಿದ್ದು ಬೇರೆಯೇ ಸಂಗತಿ. 2004ರ ‘ಹಾಫ್ ಲೈಫ್ 2’ ಆಟದಲ್ಲಿ ಒಂದು ಏತದಂಥ ಹಲಗೆ ಬರುತ್ತದೆ. ಅದರ ಒಂದು ತುದಿಗೆ ಕಲ್ಲುಗಳನ್ನು ಹೇರಿ ಇನ್ನೊಂದು ತುದಿಯನ್ನು ಮೇಲೆ ನಿಲ್ಲಿಸಿ, ಅದರ ಮೇಲೆ ನಡೆದು ದಾಟಬೇಕು. ಅಲ್ಲಿನ ಭೌತಶಾಸ್ತ್ರ ಹ್ಯಾವಾಕಿನದು. ಅದೂ ಒಡೆತನದ್ದೇ, ಮುಕ್ತವಲ್ಲ. ಆದರೆ ಸಿಪಿಯುವಿನ ಮೇಲೆ ಓಡುತ್ತಿದ್ದುದರಿಂದ ಯಾರ ಕಾರ್ಡಿದ್ದರೂ ಓಡುತ್ತಿತ್ತು. ಹಾಗಾಗಿಯೇ ಆಟ ಬರೆದವರು ಆ ಹಲಗೆಯ ಮೇಲೆ ಕಥೆಯ ಭಾರ ಹೇರಲು ಧೈರ್ಯ ಮಾಡಿದರು. ಎಲ್ಲ ಆಟಗಾರರ ಮುಂದೆಯೂ ಆ ಹಲಗೆ ತೂಗುತ್ತದೆಂದು ಅವರಿಗೆ ಗೊತ್ತಿತ್ತು. ಆರ್ಕಮ್ಮಿನ ಕಾಗದಗಳಿಗೆ ಆ ಭಾಗ್ಯವಿಲ್ಲ. ಅರ್ಧ ಜನರ ಮನೆಯಲ್ಲಿ ಇಲ್ಲದ ವಸ್ತುವಿನ ಮೇಲೆ ಕಥೆ ಕಟ್ಟಲಾಗದು. ಹಾಳೆಯೊಂದರ ಕೆಳಗೆ ಕೀಲಿಕೈ ಅಡಗಿಸಿಡುವಂತಿಲ್ಲ. ಹೊಗೆಯ ಮರೆಯಲ್ಲಿ ನುಸುಳುವ ದಾರಿ ಇಡುವಂತಿಲ್ಲ. ಬಟ್ಟೆ, ಹೊಗೆ, ಕಾಗದಗಳೆಲ್ಲ ಬರಿಯ ಅಲಂಕಾರವಾಗಿ ಉಳಿದವು. ‘ಮಿರರ್ಸ್ ಎಡ್ಜ್’ ಆಟದಲ್ಲಿ ಪತಾಕೆಗಳು ಎಷ್ಟು ಚೆಂದವಾಗಿ ಹರಿಯುತ್ತವೆಂದರೆ, ಅವು ಹರಿದರೂ ಹರಿಯದಿದ್ದರೂ ಏನೂ ಆಗುವುದಿಲ್ಲವೆಂಬುದು ನೋವು ತರುತ್ತದೆ. ಕಂಪನಿಗೆ ತನ್ನ ಬೇಲಿಯಿಂದ ಆದ ನಷ್ಟವೂ ಇದೇ ಎಂದು ನಮ್ಮ ಅನಿಸಿಕೆ: ಅಷ್ಟು ಪ್ರತಿಭೆ ಸುರಿದು ಕಟ್ಟಿದ್ದು ಪರದೆಯಂಚಿನ ಜಾಲರಿಯಾಗಿ ನಿಂತಿತು.

ವರ್ಷಗಳು ಉರುಳಿದವು. ತಮ್ಮ ಬ್ಯಾಂಕಿನ ಪರೀಕ್ಷೆ ಪಾಸಾಗಿ ಊರ ಕಡೆಗೆ ಹೋದ. ನಮಗೆ ದೆಹಲಿಯಿಂದ ಸಿಕಂದರಾಬಾದಿಗೆ ವರ್ಗವಾಯಿತು. 2012ರಲ್ಲಿ ಅಪ್ಪಯ್ಯ ತೀರಿಕೊಂಡರು.

ಅಪ್ಪಯ್ಯ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಿವೃತ್ತಿಯ ನಂತರ ತೋಟ, ಬೆಟ್ಟ, ಊರಿನ ಜನ, ಸತ್ತುಹೋದ ಎಮ್ಮೆಗಳು, ಮುಳುಗಿಹೋದ ಸಂಕಗಳು ಇವುಗಳ ಬಗ್ಗೆ ನೋಟುಪುಸ್ತಕಗಳಲ್ಲಿ ಬರೆಯುತ್ತ ಹೋದರು. 2003ರ ಸುಮಾರಿಗೆ ಪೇಟೆಯ ಡಿಟಿಪಿ ಕೇಂದ್ರವೊಂದಕ್ಕೆ ಕೊಟ್ಟು ಎಲ್ಲವನ್ನೂ ಟೈಪು ಮಾಡಿಸಿದರು. ಇನ್ನೂರಕ್ಕೂ ಮಿಕ್ಕಿದ ಪುಟಗಳು. ಅಚ್ಚಿಗೆ ಹಣ ಸಾಲದೆ ಸಿಡಿಯೊಂದರಲ್ಲಿ ಹಾಕಿಸಿಟ್ಟರು. ನೋಟುಪುಸ್ತಕಗಳು ಒಂದು ಮಳೆಗಾಲದಲ್ಲಿ ಅಟ್ಟದ ಮೇಲೆ ಗೆದ್ದಲಿಗೆ ಹೋದವು. ಸಿಡಿ ಇದೆಯಲ್ಲ ಎಂದು ಯಾರೂ ಅಷ್ಟು ಮರುಗಲಿಲ್ಲ. ತಿಥಿ ಮುಗಿಸಿ ಬಂದು ಸಿಡಿ ತೆರೆದಾಗ ಕಂಡದ್ದು ತಲೆಯ ಮೇಲೆ ಚುಕ್ಕೆ, ಗೀಟು, ಟೋಪಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಕನ್ನಡದ ಒಂದಕ್ಷರವೂ ಇಲ್ಲ.

ಈ ಅನುಭವ ನಮ್ಮ ಬಳಗದ ಅನೇಕರಿಗೆ ಹೊಸದಲ್ಲ. ಕನ್ನಡ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳ ಕಡತಗಳನ್ನು ಇಂದು ತೆರೆಯಲು ಹೋದವರಿಗೆ ಗೊತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗವಿತ್ತು. ವಿಂಡೋಸ್ ಎಕ್ಸ್‌ಪಿ ಬಂದಾಗ ತುಂಗಾ ಎಂಬ ಅಕ್ಷರಶೈಲಿಯೂ ಜೊತೆಗೆ ಬಂತು. ಆದರೆ ಮುದ್ರಣ ಲೋಕವು ಬಹುಕಾಲ ಎಂಟು ಬಿಟ್ಟಿನ ಫಾಂಟುಗಳಲ್ಲೇ ನಡೆಯಿತು. ಅವುಗಳಲ್ಲಿ ರೋಮನ್ ಅಕ್ಷರಗಳ ಮನೆಯೊಳಗೆ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇಟ್ಟಿರುತ್ತಾರೆ: ಒಂದು ಕೋಣೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಕೊಂಬು, ಮತ್ತೊಂದರಲ್ಲಿ ಒತ್ತು. ಯಾವ ಕೋಣೆಯಲ್ಲಿ ಯಾವುದಿದೆಯೆಂಬುದು ಫಾಂಟು ಮಾಡಿದವರಿಗೆ ಗೊತ್ತು. ನುಡಿ, ಬರಹ ತಂತ್ರಾಂಶಗಳ ಆ ಹಂಚಿಕೆ ಎಲ್ಲರಿಗೂ ತಿಳಿದದ್ದರಿಂದ ಅವುಗಳಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಹುಟ್ಟಿಕೊಂಡವು. ಅಪ್ಪಯ್ಯನ ಬರಹ ಟೈಪಾದ ತಂತ್ರಾಂಶ ಅಂಥದ್ದಲ್ಲ. ಕಂಪ್ಯೂಟರಿನ ಬೆನ್ನಿಗೆ ಡಾಂಗಲ್ ಎಂಬ ಬೀಗದ ತುಂಡು ಸಿಕ್ಕಿಸಿದರೆ ಮಾತ್ರ ಅದು ಏಳುತ್ತಿತ್ತು. ಡಿಟಿಪಿ ಕೇಂದ್ರ ಮುಚ್ಚಿಹೋಗಿ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ನಮಗೆ ಗೊತ್ತಿದ್ದ ಎಲ್ಲ ಪರಿವರ್ತಕಗಳಲ್ಲೂ ಕಡತವನ್ನು ಹಾಕಿ ನೋಡಿದೆವು. ಒಂದರಲ್ಲಿ ಅಲ್ಲೊಂದು ಇಲ್ಲೊಂದು ‘ಮ’ ಕಾಣಿಸಿತು. ಅಷ್ಟೇ. ಸಿಡಿಯನ್ನು ಎಲ್‌ಐಸಿ ಬಾಂಡುಗಳ ಜೊತೆ ಕಬ್ಬಿಣದ ಕಪಾಟಿನಲ್ಲಿಟ್ಟೆವು.

2025ರ ಮಾರ್ಚಿನಲ್ಲಿ ಮಗ ಗ್ರಾಫಿಕ್ಸ್ ಕಾರ್ಡು ಬೇಕೆಂದ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಅಜ್ಜಿ ಕೊಟ್ಟದ್ದು, ಚಿಕ್ಕಪ್ಪ ಕೊಟ್ಟದ್ದು, ಹಬ್ಬದ್ದು ಎಲ್ಲ ಕೂಡಿಟ್ಟಿದ್ದ. ಉಳಿದದ್ದನ್ನು ನಾವು ಹಾಕಬೇಕು. ಅವನಿಗೆ ಹೊಚ್ಚ ಹೊಸ ಆರ್‌ಟಿಎಕ್ಸ್ 50 ಸರಣಿಯದೇ ಬೇಕಿತ್ತು. ನಾವು ಒಂದೇ ಷರತ್ತು ಹಾಕಿದೆವು: ಮೊದಲು ಆರ್ಕಮ್ ಅಸೈಲಮ್ ಹಾಕಿ ಕಾಗದ ಹಾರುವುದನ್ನು ನಮಗೆ ತೋರಿಸಬೇಕು. ಹದಿನಾರು ವರ್ಷ ಕಾದಿದ್ದೇವೆ.

ಎರಡು ದಿನ ಬಿಟ್ಟು ಅವನೇ ಬಂದು, “ಅಪ್ಪ, ಹೊಸದರಲ್ಲಿ ನಿಮ್ಮ ಕಾಗದ ಹಾರುವುದಿಲ್ಲ” ಎಂದ. ತಮಾಷೆಯೆಂದುಕೊಂಡೆವು. ತಮಾಷೆಯಾಗಿರಲಿಲ್ಲ. ಆ ಕಾಲದ ಆಟಗಳು 32 ಬಿಟ್ಟಿನವು. ಹೊಸ ಸರಣಿಯ ಕಾರ್ಡುಗಳಿಂದ 32 ಬಿಟ್ಟಿನ ಕುಡಾ ಬೆಂಬಲವನ್ನು ತೆಗೆದುಹಾಕಲಾಗಿತ್ತು. ಅದರ ಜೊತೆಗೆ ಅದನ್ನೇ ನೆಚ್ಚಿಕೊಂಡಿದ್ದ ಹಳೆಯ ಫಿಸಿಎಕ್ಸ್ ಕೂಡ ಹೋಯಿತು. ಆರ್ಕಮ್, ಮಿರರ್ಸ್ ಎಡ್ಜ್, ‘ಬಾರ್ಡರ್‌ಲ್ಯಾಂಡ್ಸ್ 2’, ‘ಮಾಫಿಯಾ 2’ ಇಂಥವುಗಳಲ್ಲಿ ಆ ಲೆಕ್ಕ ಮತ್ತೆ ಸಿಪಿಯುವಿನ ತಲೆಗೆ ಬಂದು, ಜಗತ್ತಿನ ಅತಿ ದುಬಾರಿ ಕಾರ್ಡಿನ ಎದುರಲ್ಲೇ ಆಟ ತೆವಳತೊಡಗಿತು. 2009ರಲ್ಲಿ ಬೇರೆ ಕಂಪನಿಯ ಕಾರ್ಡು ಕೊಂಡವರಿಗೆ ಆದದ್ದು 2025ರಲ್ಲಿ ಅದೇ ಕಂಪನಿಯ ನಿಷ್ಠಾವಂತರಿಗೆ ಆಯಿತು.

ಇಲ್ಲೊಂದು ಗೋಜಲಿದೆ. ಎನ್‌ವಿಡಿಯಾ 2018ರ ಡಿಸೆಂಬರಿನಲ್ಲೇ ಫಿಸಿಎಕ್ಸನ್ನು ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟಿತ್ತು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವ ಭಾಗದ ಮೂಲಸಂಕೇತವನ್ನೂ 2025ರ ಏಪ್ರಿಲಿನಲ್ಲಿ ತೆರೆದಿಟ್ಟಿತು. ಹಾಗಾದರೆ ತೊಂದರೆಯೇನು ಎಂದು ಕೇಳಬಹುದು. ನಾವೂ ಮಗನನ್ನು ಕೇಳಿದೆವು. ತೆರೆದದ್ದು ಹೊಸ ಆವೃತ್ತಿಗಳು. ಹಳೆಯ ಆಟಗಳ ಹೊಟ್ಟೆಯೊಳಗಿರುವುದು ಹಳೆಯ ಆವೃತ್ತಿ, ಆಗಲೇ ಬೆಂದು ಗಟ್ಟಿಯಾದದ್ದು. ಹೊಸ ಮನೆಯ ಬಾಗಿಲು ತೆರೆದರೆ ಹಳೆಯ ಮನೆಯ ಬೀಗ ಸಡಿಲುವುದಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಕಂಪನಿಯೇ ಡ್ರೈವರೊಂದರ ಮೂಲಕ ಆಯ್ದ ಕೆಲವು ಹಳೆಯ ಆಟಗಳಿಗೆ ಆ ಸೌಲಭ್ಯವನ್ನು ಮರಳಿಸಿತು. ಆಟಗಾರರ ಗದ್ದಲ ಅಷ್ಟು ಜೋರಾಗಿತ್ತು. ಗದ್ದಲ ಮಾಡುವಷ್ಟು ಜನರಿಲ್ಲದ ವಸ್ತುಗಳ ಗತಿ ಬೇರೆ.

ಅಷ್ಟರಲ್ಲಿ ಮಗ ಹೊಸದರ ಆಸೆ ಬಿಟ್ಟು ಹಿಂದಿನ ತಲೆಮಾರಿನ ಕಾರ್ಡನ್ನೇ ತಂದಿದ್ದ. ಒಂದಷ್ಟು ಹಣವೂ ಉಳಿಯಿತು. ಒಂದು ಭಾನುವಾರ ಸಂಜೆ ಆಟ ಹಚ್ಚಿದ. ತಮ್ಮನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಮಾನಿಟರಿನತ್ತ ತಿರುಗಿಸಿ ಹಿಡಿದೆವು. ನಾಯಕ ನಡೆದ. ಕಾಗದಗಳು ಎದ್ದವು. ಒಂದು ಹಾಳೆ ಅವನ ಮೊಣಕಾಲಿನವರೆಗೆ ಏರಿ, ಸ್ವಲ್ಪ ಯೋಚಿಸಿ, ಕೆಳಗಿಳಿಯಿತು. “ಜಾಡಮಾಲಿಗೆ ರಜೆ” ಎಂದ ತಮ್ಮ. ಮಗನಿಗೆ ಅರ್ಥವಾಗಲಿಲ್ಲ. ನಾವು ನಾಯಕನನ್ನು ಮುಂದೆ ಹೋಗಗೊಡದೆ ಅದೇ ಕೋಣೆಯಲ್ಲಿ ಹಿಂದೆ ಮುಂದೆ ಎಷ್ಟೋ ಹೊತ್ತು ಅಡ್ಡಾಡಿಸಿದೆವು.

ಆ ಸಂಜೆಯ ಗುಂಗಿನಲ್ಲೇ ಅವನಿಗೆ ಸಿಡಿಯ ಕಥೆ ಹೇಳಿದ್ದು. ಅವನು ಕೇಂದ್ರೀಯ ವಿದ್ಯಾಲಯದ ಹುಡುಗ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ತಡವರಿಸುತ್ತಾನೆ. ಅಂಗಡಿಯ ಬೋರ್ಡುಗಳ ದೆಸೆಯಿಂದ ತೆಲುಗನ್ನು ಅದಕ್ಕಿಂತ ಚೆನ್ನಾಗಿ ಓದುತ್ತಾನೆ. ಕನ್ನಡ ಕಲಿಸಲು ನಾವು ಮಾಡಿದ ಪ್ರಯತ್ನಗಳು, ಆಗಾಗ ತರಿಸಿದ ಕಾಗುಣಿತ ಪುಸ್ತಕಗಳು, ಎಲ್ಲ ಎರಡನೆಯ ವಾರಕ್ಕೆ ಮುಗಿಯುತ್ತಿದ್ದವು. ಸಿಡಿಯನ್ನು ಮಾತ್ರ ಅವನು ಬಿಡಲಿಲ್ಲ. ಕಾಗದದ ಮೇಲೆ ಏನಾದರೂ ಉಳಿದಿದೆಯೇ ಎಂದು ಕೇಳಿದ. ಪುಣ್ಯಕ್ಕೆ ಮೊದಲ ಹದಿನಾಲ್ಕು ಪುಟಗಳ ಮುದ್ರಿತ ಪ್ರತಿ ಇತ್ತು, ಅಪ್ಪಯ್ಯ ತಿದ್ದಲೆಂದು ತೆಗೆಸಿದ್ದು. ಅಷ್ಟು ಸಾಕು ಎಂದ ಮಗ.

ಒಂದು ಬದಿಗೆ ಮುದ್ರಿತ ಹಾಳೆ, ಇನ್ನೊಂದು ಬದಿಗೆ ಟೋಪಿ ಹೊತ್ತ ರೋಮನ್ ಅಕ್ಷರಗಳು. ಈ ಗುರುತು ಬಂದಲ್ಲೆಲ್ಲ ಅಲ್ಲಿ ಈ ತುಣುಕು ಇದೆ ಎಂದು ಒಂದೊಂದಾಗಿ ಪಟ್ಟಿ ಮಾಡಿದ. ಕಚೇರಿಯಿಂದ ಬಂದ ಮೇಲೆ ರಾತ್ರಿ ಒಂದು ಗಂಟೆ ನಾವೂ ಕೂರುತ್ತಿದ್ದೆವು. ಎಲ್ಲಕ್ಕಿಂತ ಕಾಡಿದ್ದು ಅರ್ಕಾವೊತ್ತು. ‘ಸೂರ್ಯ’ ಎಂದು ಬರೆಯುವಾಗ ಅರ್ಕಾವೊತ್ತಿನ ಶೈಲಿಯಲ್ಲಿ ‘ಯ’ ಮೊದಲು ಬಂದು ರೇಫೆಯ ಚಿಹ್ನೆ ಆಮೇಲೆ ಬರುತ್ತದೆ. ಹಳೆಯ ಫಾಂಟು ಕಣ್ಣಿಗೆ ಕಂಡ ಆ ಕ್ರಮದಲ್ಲೇ ಜೋಡಿಸಿಡುತ್ತದೆ. ಯೂನಿಕೋಡು ಕಿವಿಗೆ ಕೇಳಿದ ಕ್ರಮವನ್ನು ಕೇಳುತ್ತದೆ. ‘ರ’ ಮೊದಲು, ‘ಯ’ ಆಮೇಲೆ. ಕಣ್ಣಿನ ಕ್ರಮವನ್ನು ಕಿವಿಯ ಕ್ರಮಕ್ಕೆ ತಿರುಗಿಸುವ ಹತ್ತು ಸಾಲಿನ ಸಂಕೇತಕ್ಕೆ ಅವನಿಗೆ ನಾಲ್ಕು ದಿನ ಹಿಡಿಯಿತು. ಎಲ್ಲೆಲ್ಲಿ ತಪ್ಪಿದೆಯೆಂದು ಹಿಡಿಯಲು ಅವನು ಓದಲೇಬೇಕಿತ್ತು. ಓದಿದ. ಬೆರಳಿಟ್ಟು, ಗಟ್ಟಿಯಾಗಿ, ಒಂದನೇ ತರಗತಿಯ ಹುಡುಗನಂತೆ. ಎಂಟನೆಯ ಪುಟದ ಹೊತ್ತಿಗೆ ಬೆರಳು ಬಿಟ್ಟ.

ಆ ಪಟ್ಟಿಯನ್ನು ಅವನು ಯಾರು ಬೇಕಾದರೂ ಬಳಸಲೆಂದು ಮುಕ್ತವಾಗಿ ಬಿಟ್ಟಿದ್ದಾನೆ. ಅದೇ ಫಾಂಟಿನ ಕಡತಗಳು ಇನ್ನಾರ ಕಪಾಟಿನಲ್ಲಿವೆಯೋ. ಬಳಗದವರಿಗೆ ಬೇಕಿದ್ದರೆ ಕೇಳಿರಿ.

ಹದಿನೈದನೆಯ ಪುಟ ತೆರೆದ ರಾತ್ರಿ ಮನೆಯವರೆಲ್ಲ ಕೂತಿದ್ದೆವು. ಆವರೆಗಿನದನ್ನು ನಾವು ಕಾಗದದ ಮೇಲೆ ಓದಿಯೇ ಇದ್ದೆವು; ಇಲ್ಲಿಂದ ಮುಂದಿನದನ್ನು ಅಪ್ಪಯ್ಯ ಮತ್ತು ಟೈಪು ಮಾಡಿದ ಹುಡುಗಿಯ ಹೊರತು ಯಾರೂ ಓದಿರಲಿಲ್ಲ. ಮಗ ಓದತೊಡಗಿದ. ಕಾರ್ತೀಕದ ಬೆಳಗು, ತೋಟದಲ್ಲಿ ಮಂಜು, ಕೊನೆಗೌಡ ಮರದಿಂದ ಮರಕ್ಕೆ ಜೀಕುತ್ತಿರುವುದು. ಅಲ್ಲಿ ನಿಂತ.

“ಕೊನೆಗೌಡ ಅಂದರೆ? ಲಾಸ್ಟ್ ಗೌಡನಾ?”

ಕೊನೆಯೆಂದರೆ ಇಲ್ಲಿ ಅಂತ್ಯವಲ್ಲ, ಅಡಿಕೆಯ ಗೊನೆ. ಮರ ಹತ್ತಿ ಅದನ್ನು ಇಳಿಸುವವನು ಕೊನೆಗೌಡ ಎಂದು ಹೇಳಿದೆವು. ಒಂದು ಮರ ಹತ್ತಿದವನು ನೆಲಕ್ಕಿಳಿಯದೆ, ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿಯುತ್ತಾನೆಂದು ಕೈಯಲ್ಲಿ ತೋರಿಸಿದೆವು.

“ಮರ ಅಷ್ಟು ಬಾಗುತ್ತದಾ?” ಎಂದ ಮಗ, ಮತ್ತೆ ಪರದೆಯತ್ತ ತಿರುಗಿ ಮುಂದಿನ ಸಾಲು ಹುಡುಕಿದ.